ಹೊಳೆ ಹಿಡಿದು ನಡೆಯುವುದು

ನಡಿಗೆ ಅನ್ನುವುದು ಈಚೆಗೆ ನಮ್ಮಲ್ಲಿ ಎರಡು ತುದಿಗೆ ಹೋಗಿ ಕೂತಿದೆ. ಒಂದು, ಡಾಕ್ಟರು ಹೇಳಿದರೆಂದು ಪಾರ್ಕಿನಲ್ಲಿ ಹಾಕುವ ಸುತ್ತು. ಇನ್ನೊಂದು, ಶನಿವಾರ ರಾತ್ರಿ ಬಸ್ಸು ಹತ್ತಿ, ಭಾನುವಾರ ನಸುಕಿಗೆ ಯಾವುದೋ ಬೆಟ್ಟದ ನೆತ್ತಿ ಮುಟ್ಟಿ, ಫೋಟೊ ತೆಗೆಸಿಕೊಳ್ಳಲು ಸರದಿಯಲ್ಲಿ ನಿಲ್ಲುವ ಟ್ರೆಕ್ಕಿಂಗ್. ಇವೆರಡರ ನಡುವೆ ಮೂರನೆಯದೊಂದು ಇದೆ. ಊಟ ಕಟ್ಟಿಕೊಂಡು ಹೊರಟು, ಗುಡ್ಡದ ಮೈ ಇಳಿದು, ಹೊಳೆ ಸಿಕ್ಕಿದಲ್ಲಿ ಅದರ ಪಕ್ಕ ಹಿಡಿದು, ಎರಡು ಮೂರು ಗಂಟೆಯಲ್ಲಿ ಹೊರಟ ಜಾಗಕ್ಕೆ ಬರುವುದು. ನಮ್ಮ ಅಜ್ಜಂದಿರು ನೆಂಟರ ಮನೆಗೆ ಹೋಗುವಾಗ ಮಾಡುತ್ತಿದ್ದದ್ದು ಇದನ್ನೇ. ಆದರೆ ಅವರಿಗೆ ಅದು ವಿಹಾರ ಅನ್ನಿಸಿರಲಿಕ್ಕಿಲ್ಲ, ತಲೆಯ ಮೇಲೆ ಮೂಟೆ ಇತ್ತಲ್ಲ! ಇಂಗ್ಲೆಂಡಿನ ಜನ ಈ ಬಗೆಯ ನಡಿಗೆಯನ್ನು ತಮ್ಮ ಬದುಕಿನ ಒಂದು ಪದ್ಧತಿಯಾಗಿ ಮಾಡಿಕೊಂಡಿದ್ದಾರೆ. ಎಂಬತ್ತು ದಾಟಿದವರು ಕೋಲು ಊರಿಕೊಂಡು, ಮಳೆಯಲ್ಲಿ, ನಗುನಗುತ್ತಾ ಹೋಗುತ್ತಿರುತ್ತಾರೆ. ಎದುರಿಗೆ ಸಿಕ್ಕರೆ ಹವೆಯ ಬಗ್ಗೆ ಒಂದು ಮಾತು ಆಡದೆ ಮುಂದೆ ಹೋಗುವುದಿಲ್ಲ.

ಇವತ್ತು ನಾನು ಹೇಳಹೊರಟಿರುವುದು ಎಕ್ಸ್‌ಮೂರ್ ಎಂಬ ಸೀಮೆಯ ವಿಷಯ. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಸಾಮರ್‌ಸೆಟ್ ಮತ್ತು ಡೆವನ್ ಎಂಬ ಎರಡು ಕೌಂಟಿಗಳಿಗೆ ಹಂಚಿಕೊಂಡು, ಉತ್ತರಕ್ಕೆ ಕಡಲನ್ನು ಒರಗಿಕೊಂಡಿರುವ ಎತ್ತರದ ನೆಲ. ವಿಸ್ತಾರ ಸುಮಾರು 693 ಚದರ ಕಿಲೋಮೀಟರ್. 1954ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದರು. ಹಾಗಂದ ಕೂಡಲೆ ನಮಗೆ ನಾಗರಹೊಳೆ, ಬಂಡೀಪುರ ನೆನಪಾಗುತ್ತವೆ. ಗೇಟು, ಗಾರ್ಡು, ಜೀಪು ಕಣ್ಣಿಗೆ ಬರುತ್ತವೆ. ಅಲ್ಲಿಯ ಕಥೆ ಬೇರೆ. ಉದ್ಯಾನದ ಒಳಗೇ ಹಳ್ಳಿಗಳಿವೆ, ಚರ್ಚುಗಳಿವೆ, ಪಬ್ಬುಗಳಿವೆ, ಕುರಿ ಸಾಕುವ ರೈತರಿದ್ದಾರೆ. ನನ್ನ ಮಗಳು ಬ್ರಿಸ್ಟಲ್ ನಗರದಲ್ಲಿ ಕೆಲಸದಲ್ಲಿರುವುದರಿಂದ, ಅವಳ ಮನೆಗೆ ಹೋದಾಗ ನಾನೂ ನನ್ನ ಮನೆಯವರೂ ಈ ಕಡೆ ಬರುವ ರೂಢಿಯಾಯಿತು. ಇಬ್ಬರಿಗೂ ಮಂಡಿ ಅಷ್ಟಕ್ಕಷ್ಟೆ. ಆದ್ದರಿಂದ ನಾನು ಹೇಳುವ ದಾರಿಗಳೆಲ್ಲ ಮಂಡಿಯ ಒಪ್ಪಿಗೆ ಪಡೆದವು.

ಎಕ್ಸ್‌ಮೂರ್ ತಿಳಿಯಬೇಕಾದರೆ ಅದರ ಉತ್ತರಕ್ಕಿರುವ ಒಂದು ಬೋಳು ದಿಣ್ಣೆಯಿಂದ ಶುರುಮಾಡಬೇಕು. 'ದಿ ಚೇನ್ಸ್' ಎಂದು ಅದಕ್ಕೆ ಹೆಸರು. ನೋಡಲು ಹೋದರೆ ಅಲ್ಲಿ ಏನೂ ಇಲ್ಲ: ಒರಟು ಹುಲ್ಲು, ಕಾಲಿಟ್ಟರೆ ಪಿಚಕ್ಕನ್ನುವ ಜೌಗು, ನಿಲ್ಲಗೊಡದ ಗಾಳಿ. ಆದರೆ ಆ ಸೀಮೆಯ ಮುಖ್ಯ ಹೊಳೆಗಳು ಹುಟ್ಟುವುದು ಅಲ್ಲೇ. ನಮ್ಮ ಗಂಗಾಮೂಲವನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ತುಂಗೆ ಭದ್ರೆಯರು ಅರಬ್ಬಿ ಸಮುದ್ರ ಅಷ್ಟು ಹತ್ತಿರವಿದ್ದರೂ ಬೆನ್ನು ತಿರುಗಿಸಿ ಮೂಡಲಿಗೆ ಹೊರಡುತ್ತಾರೆ, ನೇತ್ರಾವತಿ ಮಾತ್ರ ನೇರ ಪಡುವಣಕ್ಕೆ ಇಳಿಯುತ್ತಾಳೆ. ಚೇನ್ಸ್ ದಿಣ್ಣೆಯಲ್ಲೂ ಹಾಗೆಯೇ. ಎಕ್ಸ್ ನದಿ ಹುಟ್ಟುವ ಜಾಗದಿಂದ ಉತ್ತರದ ಕಡಲು ಎಂಟು ಕಿಲೋಮೀಟರಿನ ಆಸುಪಾಸು. ಅದು ಆ ಕಡೆ ತಿರುಗಿಯೂ ನೋಡದೆ ದಕ್ಷಿಣಕ್ಕೆ ಹೊರಟು, ನೂರು ಕಿಲೋಮೀಟರಿನ ಹತ್ತಿರ ಹರಿದು, ಎಕ್ಸೆಟರ್ ನಗರ ದಾಟಿ, ಆಚೆಯ ಸಮುದ್ರ ಸೇರುತ್ತದೆ. ಅದರ ಜೊತೆಗಾರ ಬಾರ್ಲ್ ಹೊಳೆ ಡಲ್ವರ್‌ಟನ್ ಎಂಬ ಊರು ಕಳೆದ ಮೇಲೆ ಅದನ್ನು ಕೂಡುತ್ತದೆ. ಅದೇ ದಿಣ್ಣೆಯ ಇನ್ನೊಂದು ಮಗ್ಗುಲಿನಿಂದ ವೆಸ್ಟ್ ಲಿನ್ ಮತ್ತು ಹೋರ್ ಓಕ್ ವಾಟರ್ ಎಂಬ ತೊರೆಗಳು ಉತ್ತರಕ್ಕೆ ಬೀಳುತ್ತವೆ. ಬೀಳುತ್ತವೆ ಅಂದದ್ದು ಬೇಕೆಂದೇ. ಕೆಲವೇ ಕಿಲೋಮೀಟರಿನಲ್ಲಿ ನಾನೂರು ಮೀಟರ್ ಇಳಿಯಬೇಕಾದ ನೀರು ಹರಿಯುತ್ತದೆ ಅನ್ನುವುದು ಕಷ್ಟ.

ದಕ್ಷಿಣಕ್ಕೆ ಹೋಗುವ ನೀರು ಸಾವಧಾನಿ, ಉತ್ತರಕ್ಕೆ ಹೋಗುವ ನೀರು ಮುಂಗೋಪಿ. ಇದಿಷ್ಟು ತಲೆಯಲ್ಲಿದ್ದರೆ ಅಲ್ಲಿ ಯಾವ ದಾರಿ ಹಿಡಿದರೂ ಕಾಲಕೆಳಗಿನ ನೆಲ ಮಾತಾಡತೊಡಗುತ್ತದೆ.

ಮೊದಲು ಮೇಲಿನ ಬೋಳು ಗುಡ್ಡ. ಸೀಮೆಯಲ್ಲೇ ಎತ್ತರದ ಜಾಗ ಡಂಕರಿ ಬೀಕನ್, 519 ಮೀಟರ್. ಎತ್ತರದ ಜಾಗ ಅಂದೆನೆಂದು ಹೆದರಬೇಡಿ. ಡಂಕರಿ ಗೇಟ್ ಎಂಬಲ್ಲಿಯವರೆಗೆ ಕಾರು ಹೋಗುತ್ತದೆ, ಅಲ್ಲಿಂದ ಅಗಲವಾದ ಕಲ್ಲುದಾರಿಯಲ್ಲಿ ಒಂದು ಮೈಲಿಗಿಂತ ಕಡಿಮೆ. ಏರು ಇದೆ, ಉಬ್ಬಸ ಬರುವಷ್ಟಿಲ್ಲ. ಆಗಸ್ಟ್ ತಿಂಗಳಲ್ಲಿ ಮೊಣಕಾಲೆತ್ತರದ ಹೆದರ್ ಪೊದೆಗಳು ಹೂಬಿಟ್ಟು ಗುಡ್ಡಕ್ಕೆ ಗುಡ್ಡವೇ ನೇರಳೆಯಾಗುತ್ತದೆ, ನಡುನಡುವೆ ಗಾರ್ಸ್ ಎಂಬ ಮುಳ್ಳುಗಿಡದ ಹಳದಿ. ಗಾಳಿ ತಿಳಿಯಾಗಿದ್ದರೆ ಕಡಲಿನಾಚೆ ವೇಲ್ಸ್ ದೇಶದ ಬೆಟ್ಟ ಕಾಣುತ್ತದೆ. ಮೇಯುವ ಕುದುರೆಮರಿಗಳಂತೆ ಕಾಣುವ ಕಂದು ಪ್ರಾಣಿಗಳು ಮರಿಗಳೇನೂ ಅಲ್ಲ, ಪೂರ್ತಿ ಬೆಳೆದ ಎಕ್ಸ್‌ಮೂರ್ ಪೋನಿಗಳು. ಮೂತಿಯ ಸುತ್ತ, ಕಣ್ಣಿನ ಸುತ್ತ ಹಿಟ್ಟು ಬಳಿದ ಹಾಗೆ ತಿಳಿಬಣ್ಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇವುಗಳಲ್ಲಿ ಬಹಳಷ್ಟು ಗುಂಡಿಗೆ ಗುರಿಯಾಗಿ, ಮಾಂಸಕ್ಕೆ ಹೋಗಿ, ಐವತ್ತರಷ್ಟು ಉಳಿದಿದ್ದವು. ಆಮೇಲೆ ಸಾಕಿ ಬೆಳೆಸಿದ ಸಂತತಿ ಈಗಿನದು.

ಈ ಬೋಳುತನ ದೇವರು ಕೊಟ್ಟದ್ದೆಂದು ತಿಳಿಯಬಾರದು. ಸಾವಿರಾರು ವರ್ಷಗಳ ಹಿಂದೆ ಇಲ್ಲಿ ಮರಗಳಿದ್ದವು. ಜನ ಕಡಿದರು, ಬೆಂಕಿ ಕೊಟ್ಟರು, ದನ ಕುರಿ ಮೇಯಿಸಿದರು. ಮಳೆ ಬೀಳುತ್ತಲೇ ಇತ್ತು. ಕೊಳೆಯಬೇಕಾದ ಪಾಚಿ, ಹುಲ್ಲು ನೀರಿನಲ್ಲಿ ಅರ್ಧಂಬರ್ಧ ಕೊಳೆತು ಪೀಟ್ ಎಂಬ ಕಪ್ಪು ಮಣ್ಣಾಗಿ ಪದರ ಪದರ ಕೂಡಿತು. ನಡುವೆ ಶತಮಾನಗಟ್ಟಲೆ ಅರಸರ ಬೇಟೆಯ ನೆಲವಾಗಿತ್ತು. 1818ರಲ್ಲಿ ಸರ್ಕಾರ ಅದನ್ನು ಮಾರಿತು; ಕೊಂಡವನು ಜಾನ್ ನೈಟ್ ಎಂಬ ಕಬ್ಬಿಣದ ಉದ್ಯಮಿ. ಜೌಗನ್ನು ಬತ್ತಿಸಿ ಬೆಳೆ ತೆಗೆಯುತ್ತೇನೆಂದು ಅವನೂ ಅವನ ಮಗ ಫ್ರೆಡರಿಕ್ ನೈಟನೂ ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಗುಡ್ಡದ ಮೈಮೇಲೆ ಕಾಲುವೆ ತೋಡಿಸಿದರು. ಬೆಳೆ ಹೇಳಿಕೊಳ್ಳುವಷ್ಟು ಬರಲಿಲ್ಲ, ಕುರಿಗಳೇ ಗೆದ್ದವು. ಆ ಕಾಲುವೆಗಳು ಮಾತ್ರ ಉಳಿದು, ಪೀಟ್ ಹಿಡಿದಿಡಬೇಕಾದ ಮಳೆನೀರನ್ನು ಸರಸರನೆ ಕೆಳಕ್ಕೆ ದಾಟಿಸತೊಡಗಿದವು. ಈಗ ಅದೇ ಕಾಲುವೆಗಳಿಗೆ ಮರದ ಹಲಗೆ, ಪೀಟಿನದೇ ಮುದ್ದೆ ಹಾಕಿ ಕಟ್ಟೆ ಕಟ್ಟುವ ಕೆಲಸ ನಡೆದಿದೆ. ಒಬ್ಬರು ತೋಡಿಸಿದ್ದನ್ನು ಇನ್ನೊಬ್ಬರು ಮುಚ್ಚಿಸುವ ಕಾಮಗಾರಿ ನಮ್ಮ ಊರಿನದಷ್ಟೇ ವಿಶೇಷ ಅಂದುಕೊಂಡಿದ್ದೆ.

ಇನ್ನು ಬಾರ್ಲ್ ಹೊಳೆಯ ಕಣಿವೆ. ನನ್ನನ್ನು ಕೇಳಿದರೆ ಎಕ್ಸ್‌ಮೂರಿನಲ್ಲಿ ಒಂದೇ ಒಂದು ನಡಿಗೆಗೆ ಸಮಯವಿದ್ದರೆ ಇದೇ ಸೈ. ಮೇಲಿನ ಬೋಳಿನಿಂದ ಇಳಿದು ಕಣಿವೆಗೆ ಬಂದರೆ ಬೇರೆ ದೇಶಕ್ಕೆ ಬಂದ ಹಾಗೆ: ಓಕ್, ಆಶ್, ಹೇಜಲ್ ಮರಗಳು, ಅವುಗಳ ಮೈತುಂಬ ಪಾಚಿ, ಕಲ್ಲುಹೂವು. ಹೊಳೆಯ ಬಣ್ಣ ಸಕ್ಕರೆ ಹಾಕದ ಬ್ಲ್ಯಾಕ್ ಟೀ. ಮೇಲಿನ ಪೀಟ್ ಸೋಸಿ ಬಂದದ್ದು. ಇಲ್ಲಿ 'ಟಾರ್ ಸ್ಟೆಪ್ಸ್' ಎಂಬ ಕಲ್ಲಿನ ಕಾಲುಸಂಕವಿದೆ. ಗಾರೆ ಇಲ್ಲ, ಕಮಾನು ಇಲ್ಲ. ಹೊಳೆಯಲ್ಲಿ ಕಲ್ಲು ಪೇರಿಸಿ, ಒಂದರಿಂದ ಇನ್ನೊಂದಕ್ಕೆ ಹಾಸುಗಲ್ಲು ಇಟ್ಟಿದ್ದಾರೆ, ಅಷ್ಟೇ. ಹದಿನೇಳು ಅಂಕಣ, ಐವತ್ತು ಮೀಟರಿಗೂ ಮಿಕ್ಕ ಉದ್ದ. ಒಂದು ಟನ್ನಿಗೂ ಹೆಚ್ಚು ತೂಗುವ ಕಲ್ಲುಗಳಿವೆ. ಇತಿಹಾಸಪೂರ್ವ ಕಾಲದ್ದು ಎಂದು ಹೇಳುವವರುಂಟು, ಮಧ್ಯಯುಗದ್ದು ಎಂಬುದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಜನರ ಬಾಯಲ್ಲಿ ಇದನ್ನು ಕಟ್ಟಿದವನು ಸೈತಾನ. ಬಿಸಿಲು ಕಾಯಿಸಿಕೊಳ್ಳಲು ಅವನಿಗೊಂದು ಜಗಲಿ ಬೇಕಿತ್ತಂತೆ. ದಾಟಲು ಬಂದವರನ್ನು ಮುಗಿಸುತ್ತೇನೆಂದು ಕೂತಿದ್ದ. ಊರಿನವರು ಪರೀಕ್ಷೆಗೆ ಒಂದು ಬೆಕ್ಕನ್ನು ಬಿಟ್ಟರು, ಅದು ಹೊಗೆಯಾಗಿ ಹೋಯಿತು. ಕೊನೆಗೆ ಪಾದ್ರಿಯನ್ನು ಕಳಿಸಿದರು. ಸಂಕದ ನಡುವೆ ಇಬ್ಬರೂ ಎದುರಾದರು; ಸೈತಾನ ಬೈದ, ಪಾದ್ರಿ ಅವನಿಗಿಂತ ಚೆನ್ನಾಗಿ ಬೈದ! ಮೆಚ್ಚಿದ ಸೈತಾನ, ತಾನು ಬಿಸಿಲು ಕಾಯಿಸುವ ಹೊತ್ತು ಬಿಟ್ಟು ಬೇರೆ ಯಾವಾಗ ಬೇಕಾದರೂ ದಾಟಿಕೊಳ್ಳಿ ಎಂದು ಒಪ್ಪಿಕೊಂಡ. ಎಕ್ಸ್‌ಮೂರಿನಲ್ಲಿ ಬಿಸಿಲು ಬರುವುದೇ ಅಪರೂಪ, ಜನಕ್ಕೆ ಲುಕ್ಸಾನೇನೂ ಆಗಲಿಲ್ಲ.

ನಾವು ಹೋದಾಗ ನಮ್ಮ ಮನೆಯವರು ಮೊದಲ ಹಾಸುಗಲ್ಲಿನ ಮೇಲೆ ನಿಂತು, "ರೀ, ಹಿಡ್ಕೊಳ್ಳೋಕೆ ಕಂಬೀನೇ ಇಲ್ವಲ್ಲ?" ಎಂದರು. ನಿಜ, ಕಂಬಿ ಇಲ್ಲ. ಆದರೆ ಹೊಳೆ ತುಂಬಿಲ್ಲದಾಗ ಹುಡುಗರು ಸಂಕ ಬಿಟ್ಟು ನೀರಿನಲ್ಲೇ ದಾಟುತ್ತಿರುತ್ತಾರೆ. ಆಚೆ ದಡ ಸೇರಿ, ಹೊಳೆಯ ಪಕ್ಕದ ಕಾಡುದಾರಿಯಲ್ಲಿ ಒಂದು ಮೈಲಿಯಷ್ಟು ಮೇಲಕ್ಕೆ ಹೋದರೆ ಇನ್ನೊಂದು ಕಾಲುಸೇತುವೆ ಸಿಗುತ್ತದೆ. ಅದನ್ನು ದಾಟಿ ಈಚೆ ದಡದಲ್ಲಿ ವಾಪಸ್. ನೆಲ ಬಹುಮಟ್ಟಿಗೆ ಸಮ, ಬೇರು ಎಡವದಂತೆ ನೋಡಿಕೊಂಡರೆ ಸಾಕು. ದಾರಿಯಲ್ಲಿ ಡಿಪ್ಪರ್ ಎಂಬ ಎದೆ ಬೆಳ್ಳಗಿನ ಪುಟ್ಟ ಹಕ್ಕಿ ನೋಡಿ. ಕಲ್ಲಿನ ಮೇಲೆ ಬಸ್ಕಿ ಹೊಡೆಯುತ್ತಾ ಇದ್ದು, ತಟ್ಟನೆ ನೀರಿನೊಳಗೆ ನಡೆದು ಹೋಗಿಬಿಡುತ್ತದೆ. ಹುಳ ಹಿಡಿದುಕೊಂಡು ಇನ್ನೊಂದು ಕಡೆ ಏಳುತ್ತದೆ.

ಈ ಸಂಕದ ವಿಷಯದಲ್ಲಿ ನನಗೆ ಸೈತಾನನ ಕಥೆಗಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ದೊಡ್ಡ ನೆರೆ ಬಂದಾಗ ಟನ್ನುಗಟ್ಟಲೆಯ ಈ ಕಲ್ಲುಗಳೂ ಕೊಚ್ಚಿಕೊಂಡು ಹೋಗುತ್ತವೆ. 2012ರ ಚಳಿಗಾಲದಲ್ಲೂ ಹೋಗಿದ್ದವು. ಅದಕ್ಕಾಗಿ ಹಾಸುಗಲ್ಲುಗಳಿಗೆಲ್ಲ ನಂಬರು ಕೊಟ್ಟಿಟ್ಟಿದ್ದಾರೆ. ನೆರೆ ಇಳಿದ ಮೇಲೆ ಕೆಳಗೆಲ್ಲೋ ಬಿದ್ದಿರುವವನ್ನು ಹುಡುಕಿ ತಂದು, ಯಾವುದು ಎಲ್ಲಿತ್ತೋ ಅಲ್ಲೇ ಕೂರಿಸುತ್ತಾರೆ. ತೇಲಿಬರುವ ಮರಗಳು ಬಡಿಯದಿರಲೆಂದು ಮೇಲುಗಡೆ ಹೊಳೆಗೆ ಅಡ್ಡಲಾಗಿ ಉಕ್ಕಿನ ಹಗ್ಗ ಕಟ್ಟಿದ್ದಾರೆ. ನಡೆಯಲು ಸಲೀಸಾದ ದಾರಿ ಎಂದರೆ ಹೀಗೆ ಯಾರೋ ಪದೇ ಪದೇ ಸಲೀಸು ಮಾಡಿಟ್ಟದ್ದು.

ಈಗ ಉತ್ತರದ ಮುಂಗೋಪಿ ಹೊಳೆಯ ಕಡೆ ಬರೋಣ. ಈಸ್ಟ್ ಲಿನ್ ಹೊಳೆಯನ್ನು ಹೋರ್ ಓಕ್ ವಾಟರ್ ಕೂಡುವ ಜಾಗ ವಾಟರ್ಸ್‌ಮೀಟ್. ಆಳವಾದ ಕಮರಿ, ಎರಡೂ ಕಡೆ ಓಕ್ ಕಾಡು, ಕೂಡಲಿನಲ್ಲಿ 1832ರಲ್ಲಿ ಮೀನು ಹಿಡಿಯುವ ಸಾಹೇಬರಿಗಾಗಿ ಕಟ್ಟಿದ ಒಂದು ಮನೆ. ಅದೀಗ ನ್ಯಾಷನಲ್ ಟ್ರಸ್ಟ್ ನಡೆಸುವ ಚಹಾದಂಗಡಿ. ಸ್ಕೋನ್ ಎಂಬ ಬಿಸ್ಕತ್ತಿಗೂ ಬನ್ನಿಗೂ ನಡುವಿನ ತಿಂಡಿಯ ಮೇಲೆ ಗಟ್ಟಿ ಕೆನೆ, ಅದರ ಮೇಲೆ ಜಾಮ್. ಡೆವನ್‌ನವರು ಕೆನೆ ಮೊದಲು ಅನ್ನುತ್ತಾರೆ, ಪಕ್ಕದ ಕಾರ್ನ್‌ವಾಲ್‌ನವರು ಜಾಮ್ ಮೊದಲು ಅನ್ನುತ್ತಾರೆ, ಇದು ಬಗೆಹರಿಯುವ ವ್ಯಾಜ್ಯವಲ್ಲ. ಅಲ್ಲಿಂದ ಹೊಳೆ ಹಿಡಿದು ಎರಡು ಮೈಲಿಯಷ್ಟು ಇಳಿದರೆ ಕಡಲಂಚಿನ ಲಿನ್‌ಮತ್ ಊರು. ಇಳಿಯುವ ದಿಕ್ಕಿಗೇ ನಡೆಯಿರಿ, ಏರುವುದನ್ನು ಹುಡುಗರಿಗೆ ಬಿಡಿ.

ಊರಿನ ಹತ್ತಿರ ಬಂದಾಗ ಹೊಳೆಯ ಪಾತ್ರ ಇದ್ದಕ್ಕಿದ್ದಂತೆ ಅಗಲವಾಗುವುದನ್ನು ಗಮನಿಸಿ. ಅದರ ಹಿಂದೆ 1952ರ ಆಗಸ್ಟ್ 15ರ ರಾತ್ರಿ ಇದೆ. ಆ ಮೊದಲು ಎರಡು ವಾರದಿಂದ ಮಳೆ ಹಿಡಿದು ಗುಡ್ಡದ ನೆಲ ನೆನೆದು ಹೋಗಿತ್ತು. ಆ ದಿನ ಚೇನ್ಸ್ ದಿಣ್ಣೆಯ ಮೇಲೆ 24 ಗಂಟೆಯಲ್ಲಿ ಸುಮಾರು 229 ಮಿಲಿಮೀಟರ್ ಮಳೆ ಬಿತ್ತು. ಪೀಟ್ ಇನ್ನೊಂದು ಹನಿ ಹೀರುವ ಸ್ಥಿತಿಯಲ್ಲಿರಲಿಲ್ಲ. ಬಿದ್ದದ್ದೆಲ್ಲ ಕಡಿದಾದ ಕಮರಿಗಳಲ್ಲಿ ಧುಮುಕಿತು. ಬುಡಮೇಲಾದ ಮರಗಳೂ ಬಂಡೆಗಳೂ ಸೇತುವೆಗಳಿಗೆ ಅಡ್ಡ ಸಿಕ್ಕಿ ನೀರು ಕಟ್ಟೆಯಂತೆ ನಿಂತು, ಕಟ್ಟೆ ಒಡೆದು, ಮುಂದಿನ ಸೇತುವೆಗೆ ಬಡಿಯಿತು. ಕೆಳಗೆ ಊರಿನಲ್ಲಿ ಹಿಂದಿನವರು ಅಂಗಡಿ ಮನೆಗಳಿಗೆ ಜಾಗ ಸಾಲದೆಂದು ವೆಸ್ಟ್ ಲಿನ್ ಹೊಳೆಯನ್ನು ಪಕ್ಕಕ್ಕೆ ತಿರುಗಿಸಿ, ಇಕ್ಕಟ್ಟಾದ ಕಾಲುವೆಗೆ ತುರುಕಿದ್ದರು. ಆ ರಾತ್ರಿ ಹೊಳೆ ತನ್ನ ಹಳೆಯ ಪಾತ್ರವನ್ನೇ ಹಿಡಿಯಿತು. ಅದರ ಮೇಲಿದ್ದ ಮನೆಗಳನ್ನೂ ಸೇರಿಸಿಕೊಂಡು. 34 ಜನ ಸತ್ತರು, ನಾನೂರಕ್ಕೂ ಹೆಚ್ಚು ಮಂದಿ ನಿರ್ಗತಿಕರಾದರು. ಆ ದಿನಗಳಲ್ಲಿ ಮೋಡ ಬಿತ್ತನೆಯ ಪ್ರಯೋಗ ನಡೆದಿತ್ತು, ಅದರಿಂದಲೇ ಹೀಗಾಯಿತು ಎನ್ನುವ ಮಾತು ಇಂದಿಗೂ ಓಡಾಡುತ್ತಿದೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ, ಬೇಕಾಗಿಯೂ ಇಲ್ಲ. ದಿಣ್ಣೆಯ ಮೇಲಿನ ಜೌಗು, ಕಮರಿಯ ಇಳಿಜಾರು, ಕೆಳಗೆ ಕಿರಿದು ಮಾಡಿದ ಪಾತ್ರ, ಇವಿಷ್ಟೇ ಸಾಕು. ಊರನ್ನು ಮತ್ತೆ ಕಟ್ಟುವಾಗ ಹೊಳೆಗೆ ಅಗಲವಾದ ಜಾಗ ಬಿಟ್ಟುಕೊಟ್ಟರು. ರಾಜಕಾಲುವೆಗಳ ಮೇಲೆ ಬಡಾವಣೆ ಎಬ್ಬಿಸಿರುವ ಬೆಂಗಳೂರಿನ ನಾವು ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬಹುದು.

ಅದೇ ವೆಸ್ಟ್ ಲಿನ್ ನೀರು ಒಂದು ಉಪಕಾರವನ್ನೂ ಮಾಡುತ್ತದೆ. ಲಿನ್‌ಮತ್‌ನಿಂದ ಮೇಲಿನ ಲಿಂಟನ್ ಊರಿಗೆ ಬಂಡೆಯ ಮೈಮೇಲೆ 1890ರಿಂದ ಒಂದು ಪುಟ್ಟ ರೈಲು ಓಡುತ್ತಿದೆ. ಮೇಲಿನ ಡಬ್ಬಿಯ ತೊಟ್ಟಿಗೆ ನೀರು ತುಂಬುತ್ತಾರೆ, ಕೆಳಗಿನದರ ನೀರು ಬಿಡುತ್ತಾರೆ. ಭಾರದ ಡಬ್ಬಿ ಇಳಿಯುತ್ತಾ ಹಗುರವಾದದ್ದನ್ನು ಎಳೆದುಕೊಳ್ಳುತ್ತದೆ. ಎಂಜಿನ್ ಇಲ್ಲ, ಹೊಗೆ ಇಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕರಾವಳಿ ಪರಿಚಿತವೇ. 1797ರ ನವೆಂಬರಿನಲ್ಲಿ ಕೋಲರಿಜ್, ವರ್ಡ್ಸ್‌ವರ್ತ್, ಅವನ ತಂಗಿ ಡೊರೊತಿ ಮೂವರೂ ಈ ಕಡೆಗೆ ನಡೆದು ಹೊರಟರು. ದಾರಿಖರ್ಚಿಗೆ ಒಂದು ಪದ್ಯ ಬರೆದು ಪತ್ರಿಕೆಗೆ ಮಾರೋಣ ಎಂದು ಯೋಚಿಸಿದ್ದು, ನಮ್ಮ ಕಾಲೇಜುಗಳಲ್ಲಿ ಇಂದಿಗೂ ಪಾಠವಾಗುವ ಮುದಿ ನಾವಿಕನ ಕವಿತೆಯಾಗಿ ಬೆಳೆಯಿತು. ನಡಿಗೆಯ ಖರ್ಚು ಇಷ್ಟು ಲಾಭ ತಂದದ್ದು ಬೇರೆಲ್ಲೂ ಇರಲಾರದು.

ಇಷ್ಟೆಲ್ಲ ಕಡೆ ನಡೆದೆವು ಅಂದೆನಲ್ಲ, ನೆಲ ಯಾರದು? ಬಹಳ ಕಡೆ ರೈತನದೇ. ಅವನ ಹುಲ್ಲುಗಾವಲಿನ ನಡುವೆ, ಕೆಲವೊಮ್ಮೆ ಅವನ ಮನೆಯ ಅಂಗಳದಲ್ಲೇ ದಾರಿ ಹಾಯುತ್ತದೆ. ನಮ್ಮ ಕಂದಾಯದ ಭಾಷೆಯಲ್ಲಿ ಹೇಳುವುದಾದರೆ ಎಲ್ಲವೂ 'ನಕಾಶೆ ಕಂಡ ದಾರಿ'. 1949ರ ಕಾಯ್ದೆಯ ಪ್ರಕಾರ ಕೌಂಟಿ ಕೌನ್ಸಿಲುಗಳು ಇಂಥ ದಾರಿಗಳನ್ನೆಲ್ಲ ನಕಾಶೆಗೆ ಏರಿಸಿದವು. ಒಮ್ಮೆ ಏರಿದರೆ ಮಾಲೀಕ ಬದಲಾದರೂ ದಾರಿ ಬದಲಾಗುವುದಿಲ್ಲ. ಹೊಲದ ನಡುವಿನ ಕಾಲುದಾರಿಯನ್ನು ಉತ್ತರೆ 14 ದಿನದೊಳಗೆ ರೈತ ಮತ್ತೆ ನಡೆಯುವಂತೆ ಮಾಡಿಕೊಡಬೇಕು. ಜನ 20 ವರ್ಷ ಯಾರ ತಡೆಯೂ ಇಲ್ಲದೆ ಹಕ್ಕಿನಿಂದ ಓಡಾಡಿದ ಹಾದಿ ಸಾರ್ವಜನಿಕ ದಾರಿಯೆಂದು ಕಾನೂನು ಭಾವಿಸುತ್ತದೆ. 2000ದ ಇನ್ನೊಂದು ಕಾಯ್ದೆ ನಕಾಶೆಯಲ್ಲಿ ಗುರುತಿಸಿದ ಬೋಳು ಗುಡ್ಡಗಳ ಮೇಲೆ ದಾರಿ ಬಿಟ್ಟು ನಡೆಯುವ ಹಕ್ಕನ್ನೂ ಕೊಟ್ಟಿತು. ನಮ್ಮ ಗ್ರಾಮ ನಕಾಶೆಗಳಲ್ಲೂ ಬಂಡಿದಾರಿ, ಕಾಲುದಾರಿ ಚುಕ್ಕಿಗೆರೆಗಳಾಗಿ ಇವೆ. ನೆಲದ ಮೇಲೆ ಹುಡುಕಹೋದರೆ ಎಷ್ಟೋ ಕಡೆ ಬೇಲಿ ಸಿಗುತ್ತದೆ, ವ್ಯಾಜ್ಯ ತಹಸೀಲ್ದಾರರ ಮೇಜಿನ ಮೇಲೆ ಸಿಗುತ್ತದೆ. ಗುಡ್ಡ, ಹೊಳೆ, ಕಾಡಿನ ವಿಷಯದಲ್ಲಿ ಮಲೆನಾಡು ಎಕ್ಸ್‌ಮೂರಿಗೆ ಯಾವ ಲೆಕ್ಕದಲ್ಲೂ ಕಡಿಮೆಯಿಲ್ಲ. ಕಡಿಮೆ ಇರುವುದು ಆ ಚುಕ್ಕಿಗೆರೆಯ ಮರ್ಯಾದೆ.

ಮಕ್ಕಳು ಬ್ರಿಟನ್ನಿನಲ್ಲಿರುವ ಅಪ್ಪ ಅಮ್ಮಂದಿರು ಈ ಮಾತು ಕೇಳುತ್ತಿದ್ದರೆ ಅವರಿಗೆ ಒಂದೆರಡು ಸೂಚನೆ. ಲಂಡನ್ನಿನ ಮೇಣದ ಬೊಂಬೆಗಳನ್ನು ಒಮ್ಮೆ ನೋಡಿದರೆ ಸಾಕು, ಎರಡನೆಯ ಸಲ ಇತ್ತ ಬನ್ನಿ. ಮೇ ತಿಂಗಳಲ್ಲಿ ಕಾಡಿನ ನೆಲದ ತುಂಬ ನೀಲಿ ಹೂ, ಆಗಸ್ಟಿನಲ್ಲಿ ಗುಡ್ಡದ ಹೆದರ್, ಅಕ್ಟೋಬರಿನಲ್ಲಿ ಕೆಂಜಿಂಕೆಗಳ ಗುಟುರು. ನೀರು ಹೋಗದ ಷೂ, ಗಾಳಿ ತಡೆಯುವ ಕೋಟು ಬೇಕೇ ಬೇಕು; ಕೊಡೆ ಗುಡ್ಡದ ಮೇಲೆ ನಿಲ್ಲದು. ಬೇಲಿ ದಾಟಲು ನಮ್ಮ ತಡಮೆಯಂಥ ಮರದ ಮೆಟ್ಟಿಲುಗಳಿರುತ್ತವೆ, ಹೆಂಗಸರಿಗೆ ಸೀರೆಗಿಂತ ಚೂಡಿದಾರ್ ಅನುಕೂಲ. ಕಮರಿಯೊಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ, ಆರ್ಡ್‌ನೆನ್ಸ್ ಸರ್ವೆಯ ಕಾಗದದ ನಕ್ಷೆ ಕೊಳ್ಳಿ. ಮಂಜು ಇಳಿದರೆ ಬೋಳು ಗುಡ್ಡ ಬಿಟ್ಟು ಕಣಿವೆಗೆ ಬನ್ನಿ. ಮಂಗನ ಕಾಯಿಲೆಯ ಉಣುಗು ಗೊತ್ತಿರುವ ಮಲೆನಾಡಿನವರಿಗೆ ಮುಂದಿನದು ಹೊಸದಲ್ಲ: ಅಲ್ಲಿಯ ಉಣುಗು ಲೈಮ್ ಎಂಬ ರೋಗ ತರಬಲ್ಲದು, ಮನೆಗೆ ಬಂದ ಮೇಲೆ ಕಾಲು, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿ ಮುಚ್ಚಿ. ಅದರ ಹಿಂದೆ ರೈತನ ಲೆಕ್ಕವಿರುತ್ತದೆ. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಹಲವು ಕಡೆ ಕಾರು ನಿಲ್ಲಿಸಲು ಮಾತ್ರ ದುಡ್ಡು ಕೊಡಬೇಕು, ಜೇಬಿನಲ್ಲಿ ಒಂದಿಷ್ಟು ಚಿಲ್ಲರೆ ಇರಲಿ.